ರಾಜ್ಯಪಾಲರು ಊರಲ್ಲಿದ್ದಾರಾ? ಬಾವುಟ ನೋಡಿ

ಬಂದರಿನಲ್ಲಿ ಬ್ರಿಟಿಷ್ ಯುದ್ಧನೌಕೆಯೊಂದು ಲಂಗರು ಹಾಕಿ ನಿಂತಿದೆ ಅಂದುಕೊಳ್ಳಿ. ದೂರದಿಂದ ದೋಣಿಯೊಂದು ಬರುತ್ತಿದೆ. ಒಳಗಿರುವುದು ಮೀನು ಮಾರುವವನೋ, ಆ ವಸಾಹತಿನ ಗವರ್ನರೋ? ಗವರ್ನರ್ ಆಗಿದ್ದರೆ 17 ಕುಶಾಲತೋಪು ಹಾರಿಸಬೇಕು. ದೋಣಿ ಪಕ್ಕಕ್ಕೆ ಬಂದ ಮೇಲೆ ಗೊತ್ತಾದರೆ ಏನು ಪ್ರಯೋಜನ? ವೈರ್‌ಲೆಸ್ ಇನ್ನೂ ಬಂದಿಲ್ಲ. ನಂಬಿಕೊಳ್ಳಲು ಇರುವುದು ಒಂದು ತುಂಡು ಬಟ್ಟೆ.

1869ರಲ್ಲಿ ಬ್ರಿಟನ್ ಈ ಗವರ್ನರ್‌ಗಳು ನೀರಿನ ಮೇಲೆ ಹೋಗುವಾಗ ಹಾರಿಸಲು ಬೇರೆ ಬಾವುಟ ಗೊತ್ತುಮಾಡಿತು. ಅದು ನೆಲೆನಿಂತ ರೂಪ ಹೀಗೆ: ಬ್ರಿಟನ್ ದೇಶದ ಬಾವುಟವಾದ ಯೂನಿಯನ್ ಜ್ಯಾಕ್, ಅದರ ನಡುವೆ ಬಿಳಿ ವೃತ್ತ, ಒಳಗೆ ವಸಾಹತಿನ ಲಾಂಛನ, ಸುತ್ತ ಹಸಿರೆಲೆಯ ಹಾರ. ಸುಮ್ನೆ ಅಲಂಕಾರ ಅನಿಸುತ್ತದೆ, ಅಲ್ವಾ? ಕಣ್ಣಿನ ಲೆಕ್ಕ ಬೇರೆಯೇ ಹೇಳುತ್ತದೆ.

ಚೆನ್ನಾಗಿರುವ ಕಣ್ಣು ಸುಮಾರು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಸಣ್ಣ ಕೋನವನ್ನು ಗುರುತಿಸಬಲ್ಲದು. 1 ಕಿಲೋಮೀಟರ್ ದೂರದಲ್ಲಿ ಇದು ಸುಮಾರು 30 ಸೆಂಟಿಮೀಟರ್ ಆಗುತ್ತದೆ. ಅದಕ್ಕಿಂತ ಚಿಕ್ಕ ಗೆರೆಗಳೆಲ್ಲ ಅಲ್ಲಿ ಕಲಸಿಹೋಗುತ್ತವೆ. ಎರಡು ಮೀಟರ್ ಉದ್ದದ ಬಾವುಟದ ಲಾಂಛನದಲ್ಲಿ ಸಿಂಹವಿದ್ದರೆ, ಅದರ ಮೀಸೆ ಬಿಡಿ, ಸಿಂಹವೇ ಕಾಣದು! ಬಣ್ಣ ಕಾಣುತ್ತದೆ, ನಡುವೆ ಬೆಳ್ಳಗಿನ ಚುಕ್ಕೆ ಕಾಣುತ್ತದೆ. ಅಷ್ಟು ಸಾಕು. ಬಣ್ಣ ದೇಶ ಯಾವುದೆಂದು ಹೇಳಿತು, ಚುಕ್ಕೆ ಬಂದವರು ದೊಡ್ಡವರೆಂದು ಹೇಳಿತು. ಯಾವ ಊರಿನ ದೊಡ್ಡವರು ಎಂದು ತಿಳಿಯಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು ಎತ್ತಿದರೆ, 3 ಸೆಂಟಿಮೀಟರ್‌ನಷ್ಟು ಸಣ್ಣ ಗೆರೆಯೂ ಬಿಡಿಯಾಗಿ ಕಾಣುತ್ತದೆ.

ಇದೆಲ್ಲ ಬಟ್ಟೆ ಚಪ್ಪಟೆಯಾಗಿ ನಿಂತರೆ ಮಾತ್ರ. ಗಾಳಿ ಬೀಸಿದಾಗ ಬಟ್ಟೆಯ ಎರಡೂ ಬದಿಯ ಒತ್ತಡ ಹೆಚ್ಚು ಕಡಿಮೆಯಾಗಿ ಅಲೆ ಏಳುತ್ತದೆ. ಕಂಬದ ಪಕ್ಕ ಅದು ಚಿಕ್ಕದು, ಕೊನೆಯ ಅಂಚಿನಲ್ಲಿ ದೊಡ್ಡದು. ಲಾಂಛನವನ್ನು ಆ ಅಂಚಿನಲ್ಲಿ ಹಾಕಿದ್ದರೆ ಓದಿದ ಹಾಗೇ!

ಕೆನಡಾದಲ್ಲಿ ಇದೇ ಜಾಣತನ ಈಗಲೂ ಇದೆ. ಅಲ್ಲಿನ ಹೆಚ್ಚಿನ ಪ್ರಾಂತ್ಯಗಳ ಲೆಫ್ಟಿನೆಂಟ್ ಗವರ್ನರ್‌ಗಳದು ನೀಲಿ ಬಾವುಟ. ನಡುವೆ ಪ್ರಾಂತ್ಯದ ಗುರಾಣಿ, ಮೇಲೆ ಕಿರೀಟ, ಸುತ್ತ ಹತ್ತು ಚಿನ್ನದ ಬಣ್ಣದ ಮೇಪಲ್ ಎಲೆ, ಪ್ರಾಂತ್ಯಕ್ಕೊಂದರಂತೆ. ದೂರಕ್ಕೆ ಎಲ್ಲವೂ ಒಂದೇ, ಹತ್ತಿರ ಹೋದರೆ ಗುರಾಣಿ ಮಾತ್ರ ಬೇರೆ.

ನಮ್ಮಲ್ಲೂ ರಾಜ್ಯಪಾಲರಿಗೆ ಬೇರೆ ಬಾವುಟ ಇತ್ತು. ಕೇಸರಿ ಬಟ್ಟೆ, ಮೇಲೆ ಅಶೋಕ ಸ್ತಂಭದ ಸಿಂಹಗಳು. ರಾಷ್ಟ್ರಪತಿಗಳಿಗೂ ನಾಲ್ಕು ಚೌಕದ ಸ್ವಂತ ಬಾವುಟವಿತ್ತು. 1971ರಲ್ಲಿ ಎರಡೂ ಹೋದವು, ತ್ರಿವರ್ಣವೇ ಆ ಜಾಗಕ್ಕೆ ಬಂತು. ನನಗೆ ಇದು ಸರಿಯಾದ ನಿರ್ಧಾರವೆಂದೇ ಅನಿಸುತ್ತದೆ. ಗಣರಾಜ್ಯದಲ್ಲಿ ಆಳಿಗೊಂದು ಬಾವುಟ ಯಾಕೆ?

ಆದರೂ ಹಳೆಯ ಸಂಕೇತ ಪೂರ್ತಿ ಹೋಗಲಿಲ್ಲ. ನಮ್ಮ ಧ್ವಜ ಸಂಹಿತೆಯ ಪ್ರಕಾರ ರಾಜ್ಯಪಾಲರು ಊರು ಬಿಟ್ಟ ಕೂಡಲೇ ಅವರ ನಿವಾಸದ ಬಾವುಟ ಇಳಿಯಬೇಕು. ವಾಪಸ್ ಬಂದು ಮುಖ್ಯ ಗೇಟು ದಾಟುವಾಗ ಮತ್ತೆ ಏರಬೇಕು. ಬೆಂಗಳೂರಿನಲ್ಲಿ ಅವರ ನಿವಾಸದ ಮುಂದೆ ಹೋಗುವಾಗ ತಲೆ ಎತ್ತಿ ನೋಡಿ. ಆಗಸ್ಟ್ 15, ಜನವರಿ 26ರಂಥ ದಿನ ಮಾತ್ರ ಈ ಲೆಕ್ಕ ನಡೆಯದು. ಅವರು ಊರಲ್ಲಿರಲಿ, ಇಲ್ಲದಿರಲಿ, ಅಂದು ಬಾವುಟ ಹಾರಲೇಬೇಕು.