ಭೇದಿಗೆ ನುಂಗಿದ ಮಾತ್ರೆ, ಉರಿಮೂತ್ರದ ಹೊತ್ತಿಗೆ

ಶಿರಸಿ ಕಡೆ ಉರಿಮೂತ್ರ ಅಂದರೆ ಮೊದಲು ಬರುವ ಮಾತು 'ಉಷ್ಣ ಆಗಿದೆ'. ಮುರುಗಲು ಪಾನಕ, ಎಳನೀರು, ಮಜ್ಜಿಗೆ ಎಲ್ಲಾ ಆಗುತ್ತದೆ. ಬಸ್ಸಲ್ಲಿ ದೇವಿಮನೆ ಘಟ್ಟ ಇಳಿಯುವ ಹೆಂಗಸರು ದಾರಿಯಲ್ಲಿ ಶೌಚಾಲಯದ ಗೋಳು ಬೇಡ ಅಂತ ನೀರೇ ಕುಡಿಯುವುದಿಲ್ಲ, ಅದೂ ಒಂದು ಕಾರಣ. ಎರಡು ದಿನಕ್ಕೂ ಉರಿ ನಿಲ್ಲದಿದ್ದರೆ ಮೆಡಿಕಲ್ ಶಾಪು. 'ಹೋದ್ಸಲ ಕೊಟ್ಟಿದ್ದೇ ಕೊಡಿ.'

ಹೋದ ಸಲದ್ದು ಈ ಸಲ ಹಿಡಿಯುವುದಿಲ್ಲ. ಯಾಕೆ ಅಂತ ಹುಡುಕಿದರೆ ದಾರಿ ಹೋಗುವುದು ಮೂತ್ರಕೋಶಕ್ಕಲ್ಲ, ಹೊಟ್ಟೆಗೆ. ಮೂತ್ರದ ಸೋಂಕು ಹೆಚ್ಚಾಗಿ ತರುವುದು ಈ-ಕೋಲಿ ಅನ್ನುವ ಬ್ಯಾಕ್ಟೀರಿಯಾ. ಅದರ ಮನೆ ನಮ್ಮ ಕರುಳು. ಅಲ್ಲಿಂದ ಮೂತ್ರನಾಳಕ್ಕೆ ದಾರಿ ತಪ್ಪಿ ಬಂದಾಗಷ್ಟೇ ಕಾಟ. ಅಂದರೆ ಭೇದಿಗೋ ಗಂಟಲುನೋವಿಗೋ ಸುಮ್ನೆ ನುಂಗಿದ ಆ್ಯಂಟಿಬಯಾಟಿಕ್ಕನ್ನು ಇದೇ ಈ-ಕೋಲಿ ಕರುಳಲ್ಲಿ ಕೂತು ನೋಡಿರುತ್ತದೆ. ಸಾಯದೆ ಉಳಿದದ್ದು ಮರಿ ಹಾಕುತ್ತದೆ, ಆ ಮರಿಗಳಿಗೂ ಅದೇ ಮಾತ್ರೆ ಹಿಡಿಯುವುದಿಲ್ಲ.

1961ರಲ್ಲಿ ಆ್ಯಂಪಿಸಿಲಿನ್ ಅನ್ನುವ ಆ್ಯಂಟಿಬಯಾಟಿಕ್ ಬಂತು, 1968ರಲ್ಲಿ ಕೋಟ್ರೈಮಾಕ್ಸಜೋಲ್. ಎರಡೂ ಮೂತ್ರದ ಸೋಂಕಿಗೆ ಚೆನ್ನಾಗಿ ನಡೆದು, ಕ್ರಮೇಣ ಮೊಂಡಾದವು. 1980ರ ದಶಕದಲ್ಲಿ ನಾರ್ಫ್ಲಾಕ್ಸಸಿನ್, ಸಿಪ್ರೋಫ್ಲಾಕ್ಸಸಿನ್ ಬಂದವು. ನಮ್ಮಲ್ಲಿ ಎಡವಟ್ಟಾಗಿದ್ದು ಇಲ್ಲೇ ಅಂತ ನನಗನಿಸುತ್ತದೆ. ನಾರ್ಫ್ಲಾಕ್ಸಸಿನ್ ಪೂರ್ತಿ ರಕ್ತಕ್ಕೆ ಸೇರುವುದಿಲ್ಲ, ಬಹುಪಾಲು ಕರುಳಲ್ಲೇ ಉಳಿಯುತ್ತದೆ. ಅದನ್ನೇ ನಾವು ಭೇದಿಗೆ ಮನೆಮದ್ದಿನ ಹಾಗೆ ನುಂಗಿದೆವು. ಈ-ಕೋಲಿಗೆ ಇದಕ್ಕಿಂತ ಒಳ್ಳೆ ತಾಲೀಮು ಬೇಕಾ?

ಆಮೇಲೆ ಸೆಫಿಕ್ಸಿಮ್‌ನಂಥ ಆ್ಯಂಟಿಬಯಾಟಿಕ್‌ಗಳು. ಇವನ್ನು ಕತ್ತರಿಸಿ ಹಾಕುವ ಸಿಟಿಎಕ್ಸ್-ಎಂ-15 ಅನ್ನುವ ಕಿಣ್ವ, 1999ರಲ್ಲಿ ದೆಹಲಿಯ ರೋಗಿಗಳಿಂದ ತೆಗೆದ ಬ್ಯಾಕ್ಟೀರಿಯಾದಲ್ಲಿ ಮೊದಲು ಸಿಕ್ಕಿತು. ಈಗ ಜಗತ್ತಿನ ತುಂಬ ಇದೆ. ಕಾನೂನು ಬಂದಿದ್ದು ತಡವಾಗಿ. 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಅನ್ನುವ ಪಟ್ಟಿಯ ಔಷಧಿಗಳನ್ನು (ಸೆಫಿಕ್ಸಿಮ್‌ನಂಥವೂ ಇದರಲ್ಲಿವೆ) ಮಾರಿದರೆ ರೋಗಿಯ ಹೆಸರು, ಡಾಕ್ಟರ ಹೆಸರು ಬರೆದಿಡಬೇಕು.

ತಮಾಷೆ ಅಂದರೆ, ಈಗ ಡಾಕ್ಟರು ಜಾಸ್ತಿ ನಂಬುವುದು 1953ರ ಹಳೆ ಮಾತ್ರೆಯನ್ನು: ನೈಟ್ರೋಫ್ಯುರಾಂಟಾಯಿನ್. ಇದು ಕರುಳಿನ ಮೇಲ್ಭಾಗದಲ್ಲೇ ಹೀರಿಕೊಂಡು ಸೀದಾ ಮೂತ್ರಕ್ಕೆ ಇಳಿಯುತ್ತದೆ. ಕರುಳಿನ ಈ-ಕೋಲಿಗೆ ಇದರ ಪರಿಚಯ ಆಗುವುದೇ ಕಡಿಮೆ. ಬ್ಯಾಕ್ಟೀರಿಯಾವನ್ನು ನಾಲ್ಕಾರು ಕಡೆಯಿಂದ ಹೊಡೆಯುವುದರಿಂದ ತಪ್ಪಿಸಿಕೊಳ್ಳುವುದೂ ಕಷ್ಟ. (ಕುಮಟಾ, ಅಂಕೋಲಾ ಕಡೆ ಸಿಗಡಿ ಸಾಕುವವರಿಗೆ 'ನೈಟ್ರೋಫ್ಯುರಾನ್' ಹೆಸರು ಗೊತ್ತಿರಬಹುದು. ಇದೇ ಕುಟುಂಬದ್ದು. ಸಿಗಡಿ ಕೆರೆಗೆ ಹಾಕುವುದು ನಿಷೇಧ.) ಆದರೆ ಜ್ವರ, ಚಳಿ, ಸೊಂಟದ ಪಕ್ಕ ನೋವು ಬಂದು ಸೋಂಕು ಕಿಡ್ನಿಗೆ ಏರಿದ್ದರೆ ನೈಟ್ರೋಫ್ಯುರಾಂಟಾಯಿನ್ ಸಾಲದು.

ಯಾವ ಮಾತ್ರೆ ಹಿಡಿಯುತ್ತದೆ ಅಂತ ಹೇಳುವುದು ಮೂತ್ರದ ಕಲ್ಚರ್, ಅಂದರೆ ಮೂತ್ರದಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಲ್ಲಿ ಬೆಳೆಸಿ ನೋಡುವ ಪರೀಕ್ಷೆ. ಮೊದಲ ಮಾತ್ರೆಗಿಂತ ಮುಂಚೆಯೇ ಮೂತ್ರ ಕೊಡಬೇಕು, ವರದಿಗೆ ಎರಡು-ಮೂರು ದಿನ. ಘಟ್ಟದ ಮೇಲಿನ ಹಳ್ಳಿಯವರು ಇದಕ್ಕೆ ಎರಡು ಸಲ ಪೇಟೆಗೆ ಬರಬೇಕು, ಬಾಟಲಿ ಕೊಡಲು ಒಮ್ಮೆ, ವರದಿ ಒಯ್ಯಲು ಇನ್ನೊಮ್ಮೆ. ನಡುವೆ ಉರಿ ತಾಳದೆ ನುಂಗುವುದು ಡಬ್ಬಿಯಲ್ಲಿ ಉಳಿದ ಹೋದ ಸಲದ ಮಾತ್ರೆಯನ್ನೇ.