ಬೂತಾಯಿ ಎಷ್ಟು ಹಿಡಿಯಬೇಕು, ಎಷ್ಟು ಬಿಡಬೇಕು: ಮೇವು ಮೀನಿನ ಟಿಪ್ಪಣಿ

ಭಾನುವಾರ ರಸೆಲ್ ಮಾರ್ಕೆಟ್‌ನಿಂದ ಒಂದು ಕೆಜಿ ಬೂತಾಯಿ (ಸಾರ್ಡೀನ್) ತಂದೆ. ಕ್ಲೀನ್ ಮಾಡಿಸಲಿಲ್ಲ, ಯಾಕಂದ್ರೆ ಕಿವಿರು ನೋಡಬೇಕಿತ್ತು. ಮುಚ್ಚಳ ಎತ್ತಿದರೆ ಕೆಂಪು ಎಳೆಗಳ ಒಳಬದಿಯಲ್ಲಿ ಇನ್ನೊಂದು ಸಾಲು ಇದೆ, ಹೇನು ಬಾಚುವ ಹಣಿಗೆಗಿಂತ ಒತ್ತಾದ, ನವಿರಾದ ಹಲ್ಲುಗಳು. ಅದೇ ಜರಡಿ. ನೀರು ಆಚೆ ಹೋಗುತ್ತದೆ, ಕಣ್ಣಿಗೆ ಕಾಣದ ಪಾಚಿ ಒಳಗೆ ಉಳಿಯುತ್ತದೆ. ಅಂಜಲ್‌ನಂಥ ದೊಡ್ಡ ಬೇಟೆ ಮೀನಿಗೆ ಆ ಪಾಚಿ ಸೋಸಿ ತಿನ್ನಲು ಬರುವುದಿಲ್ಲ, ನಡುವೆ ಬೂತಾಯಿಯೋ ಬೊಳೆಂಜಿರೋ, ಇಂಥ ಒಂದು ಚಿಕ್ಕ ಮೀನು ಇರಲೇಬೇಕು. ಹೀಗೆ ಕೆಳಗಿನದನ್ನು ತಿಂದು ಮೇಲಿನವರಿಗೆ ಆಹಾರವಾಗುವ ಚಿಕ್ಕ ಮೀನುಗಳನ್ನು ನಾನು ಇಲ್ಲಿ ಮೇವು ಮೀನು ಅಂತ ಕರೆಯುತ್ತೇನೆ.

ಈಗ ಎಲೆನ್ ಪಿಕಿಚ್ ವಿಷಯ. ಇವರು ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ವಿಜ್ಞಾನಿ. ಇವರ ನೇತೃತ್ವದ 13 ವಿಜ್ಞಾನಿಗಳ ತಂಡ 2012ರಲ್ಲಿ ಮೇವು ಮೀನಿನ ಬಗ್ಗೆ ದೊಡ್ಡ ವರದಿ ಕೊಟ್ಟಿತು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಲೆಕ್ಕ. ಜಗತ್ತಿನ ಮೀನುಗಾರಿಕೆಗೆ ಮೇವು ಮೀನಿನಿಂದ ವರ್ಷಕ್ಕೆ ಸಿಗುವುದು ಸುಮಾರು 1,690 ಕೋಟಿ ಡಾಲರ್. ಹಿಡಿದು ಮಾರಿದ್ದು ಬರೀ 560 ಕೋಟಿ. ಉಳಿದ 1,130 ಕೋಟಿ, ಹಿಡಿಯದೆ ಬಿಟ್ಟ ಮೀನನ್ನು ತಿಂದು ಬೆಳೆದ ದೊಡ್ಡ ಮೀನಿನ ಬೆಲೆ! ಅಂದರೆ ನೀರಲ್ಲಿ ಉಳಿದ ಚಿಕ್ಕ ಮೀನು ಸುಮ್ನೆ ಉಳಿದಿಲ್ಲ, ದುಡಿಯುತ್ತಿದೆ.

ಎಷ್ಟು ಮೀನು ಹಿಡಿಯಬಹುದು ಅನ್ನುವ ಹಳೆಯ ಲೆಕ್ಕ ಒಂದೇ ಜಾತಿಯನ್ನು ನೋಡುತ್ತದೆ: ಸಂತತಿ ಕುಸಿಯದಂತೆ ಜಾಸ್ತಿ ಅಂದರೆ ಎಷ್ಟು ಹಿಡಿಯಬಹುದು? ತಿನ್ನುವವರ ಪಾಲು ಅದರಲ್ಲಿ ಇಲ್ಲ. ಇನ್ನೊಂದು ತೊಂದರೆಯೂ ಇದೆ, ನಿಧಾನವಾಗಿ ಓದಿ. ಈ ಮೀನುಗಳು ಹಿಂಡು ಕಟ್ಟುತ್ತವೆ. ಸಂಖ್ಯೆ ಕಡಿಮೆಯಾದರೆ ಹಿಂಡು ತೆಳ್ಳಗಾಗುವುದಿಲ್ಲ, ಅವು ಇರುವ ಜಾಗ ಚಿಕ್ಕದಾಗುತ್ತದೆ, ಹಿಂಡು ಮಾತ್ರ ಅಷ್ಟೇ ದಟ್ಟ. ಪರ್ಸೀನ್ (ಸುತ್ತುಬಲೆ) ಬೋಟಿನವರು ಹಿಂಡು ಹುಡುಕಿ ಬಲೆ ಸುತ್ತಿದರೆ ಬಲೆ ತುಂಬುತ್ತದೆ, ಹೋದ ವರ್ಷದಷ್ಟೇ. ದಡದಲ್ಲಿ ಕೂತು ಬರೀ ಬಲೆ ನೋಡಿದವರಿಗೆ ಸಮುದ್ರ ಖಾಲಿಯಾಗುತ್ತಿರುವುದು ಗೊತ್ತೇ ಆಗುವುದಿಲ್ಲ.

ಅದಕ್ಕೇ ತಂಡ ಹೇಳಿದ್ದು: ನಮಗೆ ಗೊತ್ತಿರುವುದು ಕಡಿಮೆ ಇದ್ದಷ್ಟೂ ನೀರಲ್ಲಿ ಬಿಡುವುದು ಹೆಚ್ಚಿರಲಿ. ಮಾಹಿತಿ ತೀರಾ ಕಡಿಮೆ ಇದ್ದರೆ, ಮೀನುಗಾರಿಕೆಯೇ ಇಲ್ಲದಿದ್ದರೆ ಇರುತ್ತಿದ್ದ ಮೀನಿನಲ್ಲಿ ಶೇ. 80 ಉಳಿಸಬೇಕು. ಮಧ್ಯಮ ಮಟ್ಟದ ಮಾಹಿತಿ ಇದ್ದರೆ ಶೇ. 40ಕ್ಕಿಂತ ಕೆಳಗೆ ಬಿಡಬಾರದು, ಹಿಡಿಯುವ ವೇಗವೂ ಹಳೆಯ ಲೆಕ್ಕದ ಅರ್ಧ ದಾಟಬಾರದು. ತುಂಬಾ ಚೆನ್ನಾಗಿ ಗೊತ್ತಿದ್ದರೂ ಶೇ. 30 ಕನಿಷ್ಠ.

ಎಲ್ಲರೂ ಒಪ್ಪಿಲ್ಲ. ಮೀನುಗಾರಿಕೆ ವಿಜ್ಞಾನಿ ರೇ ಹಿಲ್ಬೋರ್ನ್ ಮತ್ತು ಜೊತೆಗಾರರು 2017ರಲ್ಲಿ ಎದುರು ವಾದ ಇಟ್ಟರು: ಮೇವು ಮೀನು ತಾನಾಗೇ ವರ್ಷವರ್ಷ ವಿಪರೀತ ಏರಿಳಿಯುತ್ತದೆ, ಈ ಮೀನನ್ನೇ ನಂಬಿದ ಕಡಲ ಹಕ್ಕಿಗಳಂಥವು ತಿನ್ನುವುದು ಎಷ್ಟೋ ಸಲ ಬಲೆಗೆ ಸಿಗುವುದಕ್ಕಿಂತ ಚಿಕ್ಕ ಮರಿಗಳನ್ನು, ಹಾಗಾಗಿ ಎಲ್ಲ ಕಡೆ ಒಂದೇ ನಿಯಮ ಸರಿಯಲ್ಲ ಅಂತ. ಮೊದಲ ಮಾತು ನಿಜ ಅನ್ನುವುದಕ್ಕೆ ನಮ್ಮ ಕರಾವಳಿಯೇ ಸಾಕು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ 3,297 ಟನ್. ಸಮುದ್ರದ ಬಿಸಿ, ಎಲ್ ನಿನೊ (ಪೆಸಿಫಿಕ್ ಸಾಗರ ಆಗಾಗ ಬಿಸಿಯಾಗುವುದು) ಇದರಲ್ಲಿ ದೊಡ್ಡ ಪಾತ್ರ ವಹಿಸಿವೆ ಅನ್ನುತ್ತಾರೆ ವಿಜ್ಞಾನಿಗಳು. ಆದರೆ ನನಗನ್ನಿಸುವುದು ಬೇರೆ: ತಾನಾಗೇ ಬೀಳುವ ಮೀನನ್ನು ಬೀಳುತ್ತಿರುವಾಗಲೂ ಅದೇ ವೇಗದಲ್ಲಿ ಹಿಡಿದರೆ ಏಳಲು ಯಾರು ಉಳಿಯುತ್ತಾರೆ? ಪಿಕಿಚ್ ತಂಡದ ಕನಿಷ್ಠ ಮಿತಿ ಬೇಕಾಗುವುದು ಅಂಥ ಕೆಟ್ಟ ವರ್ಷಕ್ಕೇ ಅಲ್ವಾ?

ನಮ್ಮಲ್ಲಿ ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಬೂತಾಯಿ ಮೊಟ್ಟೆ ಇಡುವುದು ಮಳೆಗಾಲದಲ್ಲೇ. ಜೊತೆಗೆ ಮರಿ ಹಿಡಿಯದಿರಲು ಅಳತೆಯ ಮಿತಿ ಇದೆ, ಕೇರಳದಲ್ಲಿ ಬೂತಾಯಿಗೆ 10 ಸೆಂಟಿಮೀಟರ್. ಮನೆಯಲ್ಲಿ ಸ್ಕೇಲ್ ಇಟ್ಟು ಅಳೆದೆ. ಹೆಚ್ಚಿನವು 15ರ ಆಸುಪಾಸು, ತಳದಲ್ಲಿದ್ದ ಎರಡು ಮಾತ್ರ 9 ಕೂಡ ಮುಟ್ಟಲಿಲ್ಲ.