ಒಂದೇ ಕರಿಚೇಳಿಗೆ ಮೂರು ಹೆಸರು ಯಾಕೆ?

ಪ್ರಶ್ನೆ: ಹಳೇ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿ ದೊಡ್ಡ ಕರಿಚೇಳಿಗೆ ಪಲಾಮ್ನಿಯಸ್ ಸ್ವಾಮರ್‌ಡಾಮಿ ಎಂದಿತ್ತು. ಆಮೇಲೆ ಅದು ಹೆಟೆರೊಮೆಟ್ರಸ್ ಆಯಿತು. ಈಗ ಜೈಗ್ಯಾಂಟೊಮೆಟ್ರಸ್ ಅಂತಿದ್ದಾರೆ. ಇವು ಮೂರು ಬೇರೆ ಬೇರೆ ಚೇಳುಗಳಾ?

ಅಲ್ಲ, ಚೇಳು ಒಂದೇ. ಬದಲಾಗಿದ್ದು ಹೆಸರಿನ ಮೊದಲ ಪದ ಮಾತ್ರ, ಅಂದರೆ ಕುಲದ (ಹತ್ತಿರದ ಪ್ರಭೇದಗಳ ಗುಂಪಿನ) ಹೆಸರು.

ಹೆಟೆರೊಮೆಟ್ರಸ್ ಎಂಬ ಹೆಸರನ್ನು 1828ರಲ್ಲಿ ಇಟ್ಟವರು ಪ್ರಾಣಿಶಾಸ್ತ್ರಜ್ಞ ಎಹ್ರೆನ್‌ಬರ್ಗ್. ಥೊರೆಲ್ 1876ರಲ್ಲಿ ಪಲಾಮ್ನಿಯಸ್ ಎಂಬ ಹೆಸರು ತಂದರು. ಭಾರತದ ಚೇಳುಗಳ ಬಗ್ಗೆ 1900ರಲ್ಲಿ ಬರೆದ ಪೊಕಾಕ್ ಅದನ್ನೇ ಬಳಸಿದರು. ನಮ್ಮ ಪಠ್ಯಪುಸ್ತಕಗಳು ಆ ಹೆಸರನ್ನು ಬಹಳ ಕಾಲ ಬಿಡಲೇ ಇಲ್ಲ. ಆದರೆ ಎರಡೂ ಒಂದೇ ಕುಲ ಎಂದಾದಾಗ, ಮೊದಲು ಬಂದ ಹೆಸರೇ ಗೆಲ್ಲಬೇಕು. ಅದು ನಿಯಮ.

ಮೂರನೇ ಹೆಸರಿನ ಕತೆ ಸ್ವಲ್ಪ ಉದ್ದ. ಕೌಜೈನ್ 1981ರಲ್ಲಿ ಈ ಕುಲವನ್ನು ಉಪಕುಲಗಳಾಗಿ ಒಡೆದರು. ಜೈಗ್ಯಾಂಟೊಮೆಟ್ರಸ್ ಅವುಗಳಲ್ಲಿ ಒಂದು. ಕೊವಾರ್ಜಿಕ್ 2004ರಲ್ಲಿ ಆ ಒಡಕೇ ಬೇಡ ಎಂದು ಎಲ್ಲವನ್ನೂ ಮತ್ತೆ ಒಟ್ಟುಗೂಡಿಸಿದರು. 2020ರಲ್ಲಿ ಪ್ರೆಂಡಿನಿ ಮತ್ತು ಲೋರಿಯಾ ಮತ್ತೆ ಬಿಡಿಸಿದರು, ಈ ಸಲ ಪೂರ್ತಿ ಕುಲಗಳಾಗಿಯೇ.

ಹಾಗಾದ್ರೆ ಹಳೇ ಹೆಸರು ನಮ್ಮ ಚೇಳಿಗೇ ಯಾಕೆ ಉಳಿಯಲಿಲ್ಲ? ಪ್ರತಿ ಕುಲಕ್ಕೂ ಒಂದು ಮಾದರಿ ಪ್ರಭೇದ ಇರುತ್ತೆ. ಕುಲ ಒಡೆದರೆ ಹೆಸರು ಅದರ ಜೊತೆಗೇ ಹೋಗುತ್ತದೆ. ಹೆಟೆರೊಮೆಟ್ರಸ್‌ನ ಮಾದರಿ ಸ್ಪಿನಿಫರ್, ಮಲೇಷ್ಯಾ ಕಡೆಯ ಚೇಳು. ಹಾಗಾಗಿ ಹೆಸರು ಅಲ್ಲೇ ಉಳಿಯಿತು, ನಮ್ಮವು ಹೊಸ ಮನೆ ಹುಡುಕಬೇಕಾಯಿತು. ಪಶ್ಚಿಮ ಘಟ್ಟದ ಕೆಲವು ಸಹ್ಯಾದ್ರಿಮೆಟ್ರಸ್ ಆದವು, ಇನ್ನು ಕೆಲವು ಡೆಕ್ಕನೊಮೆಟ್ರಸ್. ಕೆನರಾ ಹೆಸರು ಹೊತ್ತ ಕನರೆನ್ಸಿಸ್ ಈಗ ಸಹ್ಯಾದ್ರಿಮೆಟ್ರಸ್ ಕನರೆನ್ಸಿಸ್. ಕೇಳೋಕೆ ಇದೇ ಚೆಂದ, ಅಲ್ವಾ?

ಸ್ವಾಮರ್‌ಡಾಮಿ ಎಂಬ ಎರಡನೇ ಪದ ಮಾತ್ರ ಅಲುಗಾಡಿಲ್ಲ. ಅದು 17ನೇ ಶತಮಾನದ ಡಚ್ ಜೀವಿತಜ್ಞ ಯಾನ್ ಸ್ವಾಮರ್‌ಡಾಮ್ ನೆನಪಿಗೆ ಇಟ್ಟದ್ದು. ಹೆಸರಿಟ್ಟವರು ಸಿಮೋನ್, 1872ರಲ್ಲಿ. ಅವರು ಆಗ ಇದನ್ನು ಹೆಟೆರೊಮೆಟ್ರಸ್‌ಗೇ ಸೇರಿಸಿದ್ದರು. ಅದಕ್ಕೇ ಮೊದಲೆಲ್ಲ ಚೇಳಿನ ಹೆಸರಿನ ಮುಂದೆ ‘ಸಿಮೋನ್, 1872’ ಎಂದು ಸುಮ್ನೆ ಬರೆಯುತ್ತಿದ್ದರು. ಈಗ ಅದನ್ನೇ ಬ್ರ್ಯಾಕೆಟ್ ಒಳಗೆ ಹಾಕುತ್ತಾರೆ. ಈ ಪ್ರಭೇದ ಮೊದಲು ಬೇರೆ ಕುಲದಲ್ಲಿತ್ತು ಎಂಬುದಕ್ಕೆ ಆ ಬ್ರ್ಯಾಕೆಟ್ಟೇ ಗುರುತು.